ಹನ್ನೆರಡನೇ ಸ್ಥಾನದ ಚರಿತ್ರೆ

2020ರ ಜನವರಿ ತಿಂಗಳು. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಗ್ರೀನ್ಸ್‌ಬರೊ ಎಂಬ ಊರಿನಲ್ಲಿ ಆ ದೇಶದ ರಾಷ್ಟ್ರೀಯ ಫಿಗರ್ ಸ್ಕೇಟಿಂಗ್ ಪಂದ್ಯಗಳು ನಡೆಯುತ್ತಿದ್ದವು. ಇಪ್ಪತ್ತನಾಲ್ಕು ವರ್ಷದ ಒಬ್ಬಾಕೆ ಮಂಜುಗಡ್ಡೆಯ ಅಂಗಳದಲ್ಲಿ ತನ್ನ ನಾಲ್ಕು ನಿಮಿಷದ ಪ್ರದರ್ಶನ ಮುಗಿಸಿ ನಿಂತಾಗ ಸಭಾಂಗಣದ ಜನರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇದನ್ನು ಕೇಳಿದ ಯಾರಾದರೂ ಆಕೆ ಗೆದ್ದಿರಬೇಕು ಎಂದುಕೊಂಡಾರು. ಆದರೆ ಆಕೆಗೆ ಸಿಕ್ಕಿದ್ದು ಹನ್ನೆರಡನೇ ಸ್ಥಾನ. ಆ ವರ್ಷ ಚಿನ್ನ ಗೆದ್ದವಳು ಅಲೀಸಾ ಲಿಯು ಎಂಬ ಹದಿನಾಲ್ಕರ ಬಾಲೆ.

ಹನ್ನೆರಡನೆಯವಳಾದ ಆಕೆಯ ಹೆಸರು ಗ್ರೇಸಿ ಗೋಲ್ಡ್. ಅದೇ ಗ್ರೀನ್ಸ್‌ಬರೊದಲ್ಲಿ, ಐದು ವರ್ಷ ಮೊದಲು, 2015ರಲ್ಲಿ, ಆಕೆ ಎರಡನೆಯವಳಾಗಿದ್ದಳು. ಅದರ ಹಿಂದಿನ ವರ್ಷವೂ ಮುಂದಿನ ವರ್ಷವೂ ರಾಷ್ಟ್ರದ ಚಾಂಪಿಯನ್ ಆಗಿದ್ದವಳೂ ಆಕೆಯೇ. ಹಾಗಿದ್ದರೆ ಮೊದಲನೆಯವಳು ಹನ್ನೆರಡನೆಯವಳಾದುದಕ್ಕೆ ಜನ ಎದ್ದು ನಿಂತದ್ದೇಕೆ? ಇದನ್ನು ತಿಳಿಯಬೇಕಾದರೆ ಒಂದು ಆಟದ ನೂರು ವರ್ಷಗಳನ್ನೂ ಒಬ್ಬಳ ಮೂರು ವರ್ಷಗಳನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಮಂಜುಗಡ್ಡೆಯನ್ನು ಮೀನಿನ ಪೆಟ್ಟಿಗೆಯಲ್ಲೋ ಕಬ್ಬಿನ ಹಾಲಿನ ಲೋಟದಲ್ಲೋ ಕಂಡವರು ನಾವು. ಅದರ ಮೇಲೆ ಅಲಗು ಕಟ್ಟಿದ ಬೂಟು ತೊಟ್ಟು ಜಾರುವುದನ್ನು ಟಿ.ವಿ.ಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡದ್ದಿಲ್ಲ. ಟಿ.ವಿ.ಯಲ್ಲಿ ಕಂಡಾಗಲೂ ನಮ್ಮ ಕಣ್ಣಿಗೆ ಬಿದ್ದದ್ದು ಮಿರುಗುವ ಉಡುಪು, ಮುಖದ ಮೇಲಿನ ನಗು, ಬುಗುರಿಯಂತೆ ತಿರುಗುವ ದೇಹ. ಇದೊಂದು ಕಠಿಣವಾದ ದೇಹಶ್ರಮ ಎನ್ನುವುದು ಹೊಳೆಯದಂತೆ ಆಡುವುದೇ ಈ ಆಟದ ಮೊದಲ ನಿಯಮವೋ ಏನೋ.

ಫಿಗರ್ ಸ್ಕೇಟಿಂಗ್ ಎನ್ನುವ ಹೆಸರಿನಲ್ಲಿರುವ ‘ಫಿಗರ್’ಗೂ ಆಡುವವರ ಮೈಕಟ್ಟಿಗೂ ಸಂಬಂಧವಿಲ್ಲ. ಅಲಗಿನ ಅಂಚಿನಿಂದ ಮಂಜಿನ ಮೇಲೆ ಕೊರೆಯುವ ವೃತ್ತ, ಎಂಟರ ಆಕಾರ ಮುಂತಾದ ಆಕೃತಿಗಳಿಗೆ ಆ ಹೆಸರು. ರಂಗೋಲಿ ಹಾಕುವವರ ಕೈಯಲ್ಲಿರುವ ನಿಖರತೆ ಇಲ್ಲಿ ಕಾಲಿನಲ್ಲಿರಬೇಕು. ಶುರುವಿನಲ್ಲಿ ಇದು ಗಂಡಸರ ಆಟವಾಗಿತ್ತು. 1902ರಲ್ಲಿ ಲಂಡನ್ನಿನಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಮ್ಯಾಜ್ ಸೈಯರ್ಸ್ ಎಂಬ ಇಂಗ್ಲಿಷ್ ಮಹಿಳೆ ತಾನೂ ಸ್ಪರ್ಧಿಸುತ್ತೇನೆ ಎಂದು ಬಂದು ನಿಂತಳು. ಹೆಂಗಸರು ಬರಕೂಡದು ಎಂದು ನಿಯಮ ಪುಸ್ತಕದಲ್ಲಿ ಬರೆದಿರಲಿಲ್ಲ. ಬರೆಯಬೇಕಾದೀತು ಎಂದು ಯಾರಿಗೂ ಹೊಳೆದಿರಲಿಲ್ಲ. ಆಕೆ ಎರಡನೆಯವಳಾಗಿ ಬಂದಳು. ಆಮೇಲೆ ನಿಯಮ ಬರೆದರು! 1906ರಲ್ಲಿ ಮಹಿಳೆಯರಿಗೆಂದೇ ಬೇರೆ ಸ್ಪರ್ಧೆ ಆರಂಭವಾಯಿತು. 1908ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವಳೂ ಅದೇ ಸೈಯರ್ಸ್.

ಆ ಕಾಲದಿಂದ ಬಹಳ ವರ್ಷ ಈ ಆಟದ ಜೀವಾಳ ಮಂಜಿನ ಮೇಲಿನ ಆ ಆಕೃತಿಗಳೇ ಆಗಿದ್ದವು. 1968ರವರೆಗೂ ಅಂಕಗಳಲ್ಲಿ ನೂರಕ್ಕೆ ಅರವತ್ತು ಪಾಲು ಅವಕ್ಕೇ ಮೀಸಲು. ಗಂಟೆಗಟ್ಟಲೆ ಒಂದೇ ಗೆರೆಯ ಮೇಲೆ ಜಾರಿ ಜಾರಿ ಕಲಿಯಬೇಕಾದ ವಿದ್ಯೆ ಅದು. ನೋಡುವವರಿಗೆ ಬೇಸರ, ಟಿ.ವಿ.ಗೆ ಇನ್ನೂ ಬೇಸರ. ಕೊನೆಗೆ 1990ರಲ್ಲಿ ಅವುಗಳನ್ನು ಸ್ಪರ್ಧೆಯಿಂದಲೇ ತೆಗೆದುಹಾಕಿದರು. ಹೆಸರಿನಲ್ಲಿ ಫಿಗರ್ ಉಳಿಯಿತು, ಆಟದಲ್ಲಿ ಜಿಗಿತ ಉಳಿಯಿತು. ವರ್ಷಗಟ್ಟಲೆ ಪಳಗಿದ ದೊಡ್ಡ ಹೆಂಗಸರಿಗಿದ್ದ ಅನುಕೂಲವೂ ಅಲ್ಲಿಗೆ ಮುಗಿಯಿತು ಎನ್ನುವುದು ಬಲ್ಲವರ ಮಾತು. ನಮಗೂ ಅದು ಸರಿಯೆನಿಸುತ್ತದೆ. 1994ರ ಒಲಿಂಪಿಕ್ ಚಿನ್ನ ಹದಿನಾರರ ಒಕ್ಸಾನಾ ಬಾಯುಲ್‌ಗೆ, 1998ರದ್ದು ಹದಿನೈದರ ತಾರಾ ಲಿಪಿನ್‌ಸ್ಕಿಗೆ.

ಈ ಜಿಗಿತದ ಲೆಕ್ಕಾಚಾರವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಎಲ್ಲ ಸಂಕಟದ ಬೇರು ಇರುವುದು ಅಲ್ಲಿ. ಮೂರು ಸುತ್ತಿನ ಜಿಗಿತದಲ್ಲಿ ಆಟಗಾರ್ತಿ ಗಾಳಿಯಲ್ಲಿರುವುದು ಮುಕ್ಕಾಲು ಸೆಕೆಂಡಿಗಿಂತಲೂ ಕಡಿಮೆ ಹೊತ್ತು. ಅಷ್ಟರಲ್ಲಿ ಮೂರು ಸುತ್ತು ಮುಗಿಸಿ, ಹಿಮ್ಮುಖವಾಗಿ, ಒಂದೇ ಕಾಲಿನ ಮೇಲೆ, ಸುಮಾರು ನಾಲ್ಕು ಮಿಲಿಮೀಟರ್ ದಪ್ಪದ ಅಲಗಿನ ಒಂದು ಅಂಚಿನ ಮೇಲೆ ಇಳಿಯಬೇಕು. ಆ ಕ್ಷಣ ಕಾಲಿನ ಮೇಲೆ ಬೀಳುವ ಭಾರ ದೇಹದ ತೂಕದ ಹಲವು ಪಟ್ಟು. ತೋಳುಗಳನ್ನು ಎದೆಗೆ ಅವುಚಿಕೊಂಡಷ್ಟೂ ದೇಹ ವೇಗವಾಗಿ ತಿರುಗುತ್ತದೆ; ದೇಹ ಸಣ್ಣದಾದಷ್ಟೂ ಇನ್ನೂ ವೇಗ. ಹುಡುಗಿ ದೊಡ್ಡವಳಾಗಿ, ಎತ್ತರ ಬೆಳೆದು, ಸೊಂಟ ಅಗಲವಾದಾಗ ನಿನ್ನೆಯವರೆಗೆ ಬರುತ್ತಿದ್ದ ಜಿಗಿತ ಇಂದು ಬರುವುದಿಲ್ಲ. ಮೈ ತನ್ನ ಧರ್ಮದಂತೆ ಬೆಳೆಯುವುದೇ ಇಲ್ಲಿ ತಪ್ಪು. ತಕ್ಕಡಿಯ ಮುಳ್ಳು ಒಂದು ಗೆರೆ ಮೇಲೇರಿದರೆ ಅದನ್ನು ಅಪರಾಧ ಎಂದು ತಿಳಿಯುವ ಮಕ್ಕಳು ತಯಾರಾಗುವುದು ಹೀಗೆ.

2014ರ ಫೆಬ್ರವರಿಯಲ್ಲಿ ರಷ್ಯಾದ ಸೋಚಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. ಮಹಿಳೆಯರ ಅಂತಿಮ ಸ್ಪರ್ಧೆಯ ಫಲಿತಾಂಶದ ಪಟ್ಟಿಯನ್ನು ನಾವು ಹಲವು ಸಲ ಓದಿದ್ದೇವೆ. ಒಂದನೆಯವಳು ರಷ್ಯಾದ ಅದೆಲಿನಾ ಸೊತ್ನಿಕೋವಾ, ಎರಡನೆಯವಳು ಕೊರಿಯಾದ ಯುನಾ ಕಿಮ್, ಮೂರನೆಯವಳು ಇಟಲಿಯ ಕರೊಲಿನಾ ಕೋಸ್ಟ್ನರ್. ಆ ಫಲಿತಾಂಶದ ಬಗ್ಗೆ ಆಗ ದೊಡ್ಡ ಗದ್ದಲವೆದ್ದಿತು. ಅದು ನಮ್ಮ ವಿಷಯವಲ್ಲ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಪದಕದ ಕೆಳಗಿನ ಮೂರು ಹೆಸರುಗಳು. ನಾಲ್ಕನೇ ಸ್ಥಾನದಲ್ಲಿ ಹದಿನೆಂಟರ ಗ್ರೇಸಿ ಗೋಲ್ಡ್. ಐದರಲ್ಲಿ ಹದಿನೈದರ ಯೂಲಿಯಾ ಲಿಪ್ನಿತ್ಸ್ಕಾಯಾ. ಎಂಟರಲ್ಲಿ ಇಪ್ಪತ್ತೆಂಟರ ಅಕಿಕೊ ಸುಜುಕಿ. ಇವರಲ್ಲಿ ಒಬ್ಬಳು ಕಾಯಿಲೆಗೆ ಬಿದ್ದು ಎದ್ದು ಬಂದಾಗಿತ್ತು. ಇನ್ನಿಬ್ಬರು ಬೀಳುವವರಿದ್ದರು.

ಮೊದಲು ಸುಜುಕಿಯ ಕತೆ ಹೇಳಿಬಿಡುತ್ತೇವೆ. ಜಪಾನಿನ ತೊಯೊಹಾಶಿ ಊರಿನ ಈ ಹುಡುಗಿ 2003ರಲ್ಲಿ, ಹದಿನೆಂಟರಲ್ಲಿ, ಮನೆ ಬಿಟ್ಟು ಸೆಂದಾಯ್ ನಗರದ ವಿಶ್ವವಿದ್ಯಾನಿಲಯಕ್ಕೆ ಸೇರಿದಳು. ತೂಕ ಇಳಿಸಬೇಕು ಎಂಬ ಯೋಚನೆ ಹೊಕ್ಕಿತು. ಊಟ ಬಿಡುವುದು ರೂಢಿಯಾಯಿತು, ರೂಢಿ ಕಾಯಿಲೆಯಾಯಿತು. ವೈದ್ಯರು ಅನೊರೆಕ್ಸಿಯಾ ಎಂದು ಕರೆಯುವ, ಹಸಿವಿದ್ದೂ ತಿನ್ನಲಾಗದ ಮನಸ್ಸಿನ ರೋಗ ಅದು. ತೂಕ 32 ಕಿಲೋಗೆ ಇಳಿಯಿತು. ಆ ವರ್ಷದ ಸ್ಪರ್ಧೆಗಳೆಲ್ಲ ಕೈಬಿಟ್ಟುಹೋದವು. ಮರಳಿ ರಿಂಕಿಗೆ ಬಂದಾಗ ಆಕೆಗೆ ಜಿಗಿಯುವ ಶಕ್ತಿಯೇ ಇರಲಿಲ್ಲ. ಮಕ್ಕಳು ಕಲಿಯುವಂತೆ ಮೊದಲಿನಿಂದ ಕಲಿತಳು. ಜಪಾನಿನಲ್ಲಿ ಆಗ ಮಾವೊ ಅಸಾದಾ, ಮಿಕಿ ಆಂದೊ ಅವರಂಥ ತಾರೆಗಳ ಕಾಲ. ಇವಳನ್ನು ಕೇಳುವವರಿರಲಿಲ್ಲ. ಆರು ವರ್ಷ ಹಿಡಿದವು. 2009ರಲ್ಲಿ ಬೀಜಿಂಗ್‌ನ ಕಪ್ ಆಫ್ ಚೈನಾ ಗೆದ್ದಳು, 2010ರಲ್ಲಿ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಎಂಟನೆಯವಳಾದಳು. 2012ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ವಿಶ್ವ ಚಾಂಪಿಯನ್‌ಶಿಪ್ಪಿನ ಕಂಚು ಸಿಕ್ಕಾಗ ಆಕೆಗೆ ಇಪ್ಪತ್ತೇಳು ತುಂಬಿತ್ತು. ಮರುವರ್ಷದ ಡಿಸೆಂಬರಿನಲ್ಲಿ, ಇಪ್ಪತ್ತೆಂಟರಲ್ಲಿ, ಮೊದಲ ಬಾರಿಗೆ ಜಪಾನಿನ ಚಾಂಪಿಯನ್. ಹದಿನೈದರಲ್ಲಿ ಮುದುಕಿಯರಾಗುವ ಆಟದಲ್ಲಿ ಇದೊಂದು ಪವಾಡದಂತೆ ಕಾಣುತ್ತದೆ.

ಲಿಪ್ನಿತ್ಸ್ಕಾಯಾಳದ್ದು ಬೇರೆಯೇ ಕತೆ. ಸೋಚಿಯ ತಂಡದ ಸ್ಪರ್ಧೆಯಲ್ಲಿ ಕೆಂಪು ಉಡುಪು ತೊಟ್ಟು ಆಕೆ ಆಡಿದ್ದನ್ನು ಜಗತ್ತೇ ನೋಡಿತು, ರಷ್ಯಾಕ್ಕೆ ತಂಡದ ಚಿನ್ನ ಬಂತು. ಮೂರೂವರೆ ವರ್ಷದ ನಂತರ, 2017ರ ಆಗಸ್ಟಿನಲ್ಲಿ, ಆಕೆ ಆಟ ಬಿಟ್ಟಳೆಂಬ ಸುದ್ದಿಯನ್ನು ಆಕೆಯ ತಾಯಿ ತಿಳಿಸಿದರು. ಅನೊರೆಕ್ಸಿಯಾಕ್ಕೆ ಮೂರು ತಿಂಗಳು ಚಿಕಿತ್ಸೆ ಪಡೆದು ಬಂದಿದ್ದಳು. ವಯಸ್ಸು ಹತ್ತೊಂಬತ್ತು. ಆಕೆ ಮತ್ತೆ ಸ್ಪರ್ಧೆಗೆ ಬರಲಿಲ್ಲ. ಬರಬೇಕಾಗಿತ್ತು ಎಂದು ಹೇಳಲು ನಾವು ಯಾರು?

ಇನ್ನು ಗ್ರೇಸಿ ಗೋಲ್ಡ್. 1995ರಲ್ಲಿ ಹುಟ್ಟಿದ ಈಕೆಗೆ ಹೆಸರೇ ಒಂದು ಹೊರೆಯಾಯಿತು. ಗೋಲ್ಡ್ ಎಂದರೆ ಚಿನ್ನ. ಪತ್ರಿಕೆಯವರಿಗೆ ಇನ್ನೇನು ಬೇಕು? ಹೊಂಗೂದಲು, ಕೆಂಪು ತುಟಿ, ಹಳೆಯ ಸಿನೆಮಾ ನಟಿಯಂಥ ಮುಖ. ಸೌಂದರ್ಯ ಸಾಧನದ ಕಂಪನಿ ಜಾಹೀರಾತಿಗೆ ಕರೆಯಿತು. ಸೋಚಿಯಲ್ಲಿ ತಂಡದ ಕಂಚು ಸಿಕ್ಕಿತು, ಒಂಟಿ ಸ್ಪರ್ಧೆಯಲ್ಲಿ ನಾಲ್ಕನೇ ಸ್ಥಾನ. ಅದೇ ವರ್ಷ ಜಪಾನಿನ ಎನ್‌ಎಚ್‌ಕೆ ಟ್ರೋಫಿ ಗೆದ್ದಳು. ಅದನ್ನು ಗೆದ್ದ ಮೊದಲ ಅಮೆರಿಕನ್ ಮಹಿಳೆ ಆಕೆ.

2016ರ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ಅಮೆರಿಕದ ಬಾಸ್ಟನ್ನಿನಲ್ಲಿ. ಎರಡು ವರ್ಷ ಮೊದಲು ಆಕೆ ತನ್ನ ಮೊದಲ ರಾಷ್ಟ್ರೀಯ ಚಿನ್ನ ಗೆದ್ದದ್ದೂ ಅದೇ ಸಭಾಂಗಣದಲ್ಲಿ. ಮೊದಲ ಸುತ್ತಿನಲ್ಲಿ 76.43 ಅಂಕ ಪಡೆದು ಎಲ್ಲರಿಗಿಂತ ಮುಂದಿದ್ದಳು. ಹತ್ತು ವರ್ಷದಿಂದ ಅಮೆರಿಕದ ಯಾವ ಮಹಿಳೆಗೂ ಆ ಪಂದ್ಯದಲ್ಲಿ ಪದಕ ಬಂದಿರಲಿಲ್ಲ. ಎರಡನೇ ಸುತ್ತಿನಲ್ಲಿ ಬಿದ್ದಳು. ಒಂದು ಜಿಗಿತ ಗಾಳಿಯಲ್ಲೇ ಬಿಚ್ಚಿಕೊಂಡಿತು. ಮತ್ತೆ ನಾಲ್ಕನೇ ಸ್ಥಾನ. ಪದಕ ಬಂತು, ಆದರೆ ಆಕೆಯ ಸಹ ಆಟಗಾರ್ತಿ ಆ್ಯಶ್ಲಿ ವ್ಯಾಗ್ನರ್‌ಗೆ. ಗೋಲ್ಡ್ ಪತ್ರಕರ್ತರೆದುರು ನಾಚಿಕೆಯಾಗುತ್ತಿದೆ ಎಂದು ಹೇಳಿ ದೇಶದ ಕ್ಷಮೆ ಕೇಳಿದಳು. ನೆಲಕ್ಕೆ ಬಿದ್ದದ್ದಕ್ಕೆ ದೇಶದ ಕ್ಷಮೆ! ಇಪ್ಪತ್ತು ವರ್ಷದ ಹುಡುಗಿಯ ಬಾಯಲ್ಲಿ ಈ ಮಾತು ಯಾರು ಇಟ್ಟರು ಎಂದು ಅಂದು ಯಾರೂ ಕೇಳಿದಂತಿಲ್ಲ.

ಅಲ್ಲಿಂದ ಮುಂದಿನದು ಇಳಿಜಾರು. ಆ ವರ್ಷದ ಅಕ್ಟೋಬರಿನಲ್ಲಿ ಒಂದು ಪಂದ್ಯ ಸೋತ ಮೇಲೆ ತನ್ನ ತೂಕದ ಬಗ್ಗೆ ತಾನೇ ಪತ್ರಕರ್ತರೆದುರು ಕಟುವಾಗಿ ಮಾತಾಡಿಕೊಂಡಳು. ಕೇಳಿದವರಲ್ಲಿ ಕೆಲವರಿಗೆ ಅದು ಶಿಸ್ತಿನ ಮಾತಿನಂತೆ ಕೇಳಿಸಿರಬೇಕು. 2017ರ ಜನವರಿಯ ರಾಷ್ಟ್ರೀಯ ಪಂದ್ಯದಲ್ಲಿ ಆರನೇ ಸ್ಥಾನ. ಆ ತಿಂಗಳೇ ಹಿರಿಯ ಕೋಚ್ ಫ್ರಾಂಕ್ ಕ್ಯಾರಲ್ ಅವರ ಜತೆಗಿನ ನಂಟು ಕಡಿಯಿತು. ಕ್ಯಾಲಿಫೋರ್ನಿಯಾ ಬಿಟ್ಟು ಮಿಶಿಗನ್‌ಗೆ ಹೋದಳು. ಹೊಸ ಊರು, ಹೊಸ ಕೋಚ್, ಒಂಟಿ ಮನೆ. ಹಗಲೆಲ್ಲ ಪರದೆ ಎಳೆದುಕೊಂಡು ಮಲಗಿರುತ್ತಿದ್ದಳು. ಒಮ್ಮೆ ಊಟವೇ ಇಲ್ಲ, ಒಮ್ಮೆ ಮಿತಿಯಿಲ್ಲದ ಊಟ. ಬದುಕೇ ಬೇಡ ಎನ್ನುವ ಯೋಚನೆಗಳು ತಿಂಗಳುಗಟ್ಟಲೆ ಕಾಡಿದವು ಎಂದು ಆಮೇಲೆ ಆಕೆಯೇ ಹೇಳಿಕೊಂಡಳು.

ಇಲ್ಲಿ ಒಂದು ಮಾತು. ನಮ್ಮ ಮನೆಮಾತು ಉರ್ದುವಿನಲ್ಲಿ ‘ಉದಾಸಿ’ ಎಂಬ ಶಬ್ದವಿದೆ. ನಮ್ಮ ಶಾಯರರು ಅದನ್ನು ಎಷ್ಟು ಚಂದ ಮಾಡಿಟ್ಟಿದ್ದಾರೆಂದರೆ ಅದರೊಳಗೆ ಒಂದು ಕಾಯಿಲೆಯೂ ಅಡಗಿ ಕೂತಿರಬಹುದು ಎಂಬುದು ಮರೆತೇ ಹೋಗುತ್ತದೆ. ಕನ್ನಡದ ‘ಖಿನ್ನತೆ’ಗೆ ಆಸ್ಪತ್ರೆಯ ವಾಸನೆ, ಆ ಶಬ್ದವನ್ನು ಮನೆಯೊಳಗೆ ಯಾರೂ ಆಡುವುದಿಲ್ಲ. ಈ ಎರಡು ಶಬ್ದಗಳ ನಡುವೆ ಸಿಕ್ಕಿಕೊಂಡವಳಿಗೆ ನಾವು ಹೇಳುವುದೇನು? ಸೋಮಾರಿತನ, ಸೊಕ್ಕು, ಇಲ್ಲವೇ ನಜರ್ ಆಗಿದೆ ಎಂದು ಮೆಣಸಿನಕಾಯಿ ನಿವಾಳಿಸುತ್ತೇವೆ. ಅಮೆರಿಕದಲ್ಲಿ ಮೆಣಸಿನಕಾಯಿ ಇರಲಿಲ್ಲ, ಅಷ್ಟೇ. ಇನ್ನಷ್ಟು ಅಭ್ಯಾಸ ಮಾಡು, ಇನ್ನಷ್ಟು ತೂಕ ಇಳಿಸು ಎನ್ನುವ ಔಷಧಿ ಅಲ್ಲಿ ಧಾರಾಳವಾಗಿತ್ತು.

2017ರ ಆಗಸ್ಟಿನಲ್ಲಿ ಕೊಲರಾಡೊದ ತರಬೇತಿ ಶಿಬಿರಕ್ಕೆ ಆಕೆ ಬಂದಾಗ ಏನೋ ಸರಿಯಿಲ್ಲ ಎನ್ನುವುದು ಕ್ರೀಡಾ ಸಂಸ್ಥೆಯವರ ಗಮನಕ್ಕೆ ಬಂತು. ಸೆಪ್ಟೆಂಬರಿನ ಮೊದಲ ದಿನಗಳಲ್ಲಿ ತಾನು ಆಟದಿಂದ ದೂರ ಸರಿದು ನೆರವು ಪಡೆಯುವುದಾಗಿ ಆಕೆ ಪ್ರಕಟಿಸಿದಳು. ಲಿಪ್ನಿತ್ಸ್ಕಾಯಾಳ ಸುದ್ದಿ ಬಂದ ಕೆಲವೇ ದಿನಗಳ ಅಂತರ. ಅಕ್ಟೋಬರಿನಲ್ಲಿ ಕಾಯಿಲೆಯ ಹೆಸರುಗಳನ್ನೂ ಹೇಳಿದಳು: ಖಿನ್ನತೆ, ಆತಂಕ, ಊಟಕ್ಕೆ ಸಂಬಂಧಿಸಿದ ಮನೋರೋಗ. ಒಲಿಂಪಿಕ್ಸ್‌ಗೆ ನಾಲ್ಕೈದು ತಿಂಗಳು ಉಳಿದಿತ್ತು. ನವೆಂಬರಿನಲ್ಲಿ ರಾಷ್ಟ್ರೀಯ ಪಂದ್ಯದಿಂದಲೂ ಹಿಂದೆ ಸರಿದಳು. ಅಂದರೆ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್ ಕೈಬಿಟ್ಟಂತೆಯೇ. ಸೋಚಿಯಲ್ಲಿ ಕೈತಪ್ಪಿದ ಪದಕಕ್ಕಾಗಿ ನಾಲ್ಕು ವರ್ಷ ಕಾದವಳು ಆ ಹೊತ್ತಿನಲ್ಲಿ ಅರಿಜೋನಾದ ಚಿಕಿತ್ಸಾ ಕೇಂದ್ರವೊಂದರಲ್ಲಿದ್ದಳು.

ಮರಳಿ ಬಂದದ್ದು ಹೇಗೆ? ಸಿನೆಮಾದಲ್ಲಾದರೆ ಮುಂದಿನ ದೃಶ್ಯದಲ್ಲಿ ಚಿನ್ನ ಕೊರಳಿಗೆ ಬೀಳುತ್ತದೆ. ಆದದ್ದು ಹಾಗಲ್ಲ. ಆಕೆ ಫಿಲಡೆಲ್ಫಿಯಾ ಹತ್ತಿರದ ಆ್ಯಸ್ಟನ್ ಎಂಬ ಸಣ್ಣ ಊರಿಗೆ ಬಂದು, ಅಲ್ಲಿನ ರಿಂಕಿನಲ್ಲಿ ಮಕ್ಕಳಿಗೆ ಸ್ಕೇಟಿಂಗ್ ಕಲಿಸುತ್ತ, ವಿನ್ಸೆಂಟ್ ರೆಸ್ಟೆನ್‌ಕೂರ್ ಎಂಬ ಫ್ರೆಂಚ್ ಕೋಚ್ ಬಳಿ ತಾನೂ ಕಲಿಯತೊಡಗಿದಳು. 2018ರ ನವೆಂಬರಿನಲ್ಲಿ ಮಾಸ್ಕೋದ ರೊಸ್ಟೆಲಿಕಾಮ್ ಕಪ್‌ಗೆ ಹೋದಳು. ಮೊದಲ ಸುತ್ತಿನಲ್ಲಿ ಬಂದದ್ದು 37.51 ಅಂಕ, ಹತ್ತು ಮಂದಿಯಲ್ಲಿ ಹತ್ತನೆಯವಳು. ಬಾಸ್ಟನ್ನಿನ 76.43ರ ಅರ್ಧಕ್ಕೂ ಕಡಿಮೆ. ಎರಡನೇ ಸುತ್ತಿಗೆ ಇಳಿಯಲಿಲ್ಲ. ಇಳಿದರೆ ತನ್ನ ಮನಸ್ಸಿನ ಆರೋಗ್ಯಕ್ಕೂ ಆತ್ಮವಿಶ್ವಾಸಕ್ಕೂ ಒಳ್ಳೆಯದಲ್ಲ ಎಂದು ಬಹಿರಂಗವಾಗಿಯೇ ಹೇಳಿ ಹಿಂದೆ ಸರಿದಳು. ಎರಡು ವರ್ಷ ಮೊದಲು ಬಿದ್ದದ್ದಕ್ಕೆ ದೇಶದ ಕ್ಷಮೆ ಕೇಳಿದ್ದವಳು ಈಕೆಯೇ. ಈ ಸಲ ಕ್ಷಮೆ ಕೇಳುವ ಬದಲು ಕಾರಣ ಹೇಳಿದಳು. ಈ ಇಡೀ ಚರಿತ್ರೆಯಲ್ಲಿ ನಮಗೆ ದೊಡ್ಡದಾಗಿ ಕಾಣುವ ದಿನ ಅದು. ಬಹುತೇಕ ವರದಿಗಳಲ್ಲಿ ಅದು ಸೋಲಿನ ದಿನ.

2019ರ ಜನವರಿಯ ರಾಷ್ಟ್ರೀಯ ಪಂದ್ಯಕ್ಕೂ ಆಕೆ ಹೋಗಲಿಲ್ಲ. ಡೆಟ್ರಾಯಿಟ್‌ನಲ್ಲಿ ಆ ವರ್ಷ ಗೆದ್ದವಳು ಹದಿಮೂರರ ಅಲೀಸಾ ಲಿಯು. ಅಮೆರಿಕದ ಚರಿತ್ರೆಯಲ್ಲಿ ಅಷ್ಟು ಚಿಕ್ಕವಳು ಚಾಂಪಿಯನ್ ಆದದ್ದಿಲ್ಲ.

ಮುಂದಿನ ಸಲ ನೇರ ಪ್ರವೇಶ ಇರಲಿಲ್ಲ. ಎರಡು ಸಲ ರಾಷ್ಟ್ರದ ಚಾಂಪಿಯನ್ ಆದವಳು ಪ್ರಾದೇಶಿಕ ಪಂದ್ಯದಿಂದ, ಅಂದರೆ ಏಣಿಯ ಮೊದಲ ಮೆಟ್ಟಿಲಿನಿಂದ, ಹತ್ತಬೇಕಿತ್ತು. ಟಿ.ವಿ.ಯ ಕಣ್ಣು ಬೀಳದ ಪಂದ್ಯಗಳವು. ನೋಡುವವರಲ್ಲಿ ಹೆಚ್ಚಿನವರು ಆಡುವ ಮಕ್ಕಳ ಅಪ್ಪ ಅಮ್ಮಂದಿರು. ಸ್ಪರ್ಧಿಸುವ ಹುಡುಗಿಯರಲ್ಲಿ ಕೆಲವರು ಈಕೆಯ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡು ಬೆಳೆದವರೂ ಇದ್ದಿರಬಹುದು. ಬಿದ್ದರೆ ಇವರೆದುರು ಬೀಳಬೇಕು. ಗೆದ್ದರೂ ಹೇಳಿಕೊಳ್ಳುವಂಥದ್ದಲ್ಲ. ಆಕೆ ಅದನ್ನು ದಾಟಿ, ಅದರ ಮೇಲಿನದನ್ನೂ ದಾಟಿ ಗ್ರೀನ್ಸ್‌ಬರೊಗೆ ಬಂದಳು. ಜನ ಎದ್ದು ನಿಂತದ್ದು ಇದಕ್ಕೆ.

ಆಮೇಲೆ? ಬರಹಗಾರರಿಗೆ ಇಲ್ಲಿಗೇ ನಿಲ್ಲಿಸುವ ಆಸೆ ಬರುತ್ತದೆ. ಆದರೆ 2021ರಲ್ಲಿ ಆಕೆಗೆ ಹದಿಮೂರನೇ ಸ್ಥಾನ. ಕಾಯಿಲೆ ವಾಸಿಯಾದ ಮೇಲೆ ಏರುಗತಿ ಮಾತ್ರ ಇರುತ್ತದೆ ಎನ್ನುವುದು ಸುಳ್ಳು. 2022ರಲ್ಲಿ ನ್ಯಾಶ್‌ವಿಲ್‌ನ ಮೊದಲ ಸುತ್ತಿನಲ್ಲಿ ಆರನೆಯವಳಾಗಿ ಹಳಬರ ಕಣ್ಣಲ್ಲಿ ನೀರು ತರಿಸಿದಳು, ಕೊನೆಗೆ ಹತ್ತನೇ ಸ್ಥಾನ. 2024ರ ಫೆಬ್ರವರಿಯಲ್ಲಿ ಆಕೆಯ ಆತ್ಮಕತೆ ಹೊರಬಂತು. ಹೆಸರು ‘ಔಟ್‌ಆಫ್‌ಶೇಪ್‌ವರ್ತ್‌ಲೆಸ್‌ಲೂಸರ್’. ಮೈ ಕೆಟ್ಟ, ಕೆಲಸಕ್ಕೆ ಬಾರದ, ಸೋತುಹೋದವಳು ಎಂಬ ಮೂರು ಬೈಗುಳಗಳು ನಡುವೆ ಉಸಿರಾಡಲು ಜಾಗವಿಲ್ಲದಂತೆ ಒಂದೇ ಶಬ್ದವಾಗಿವೆ. ಆಕೆಯ ತಲೆಯೊಳಗೆ ಕೂತು ಹಗಲಿರುಳು ಬೈಯುತ್ತಿದ್ದ ದನಿಗೆ ಆಕೆ ಇಟ್ಟ ಹೆಸರದು.

ಆಟವೂ ಸ್ವಲ್ಪ ಬದಲಾಗಿದೆ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಹದಿನೈದರ ಕಮಿಲಾ ವಲಿಯೆವಾ ಉದ್ದೀಪನ ಮದ್ದಿನ ವಿವಾದದ ನಡುವೆ ಕುಸಿದದ್ದನ್ನು ಜಗತ್ತು ನೋಡಿದ ಮೇಲೆ, ಆ ವರ್ಷದ ಜೂನ್‌ನಲ್ಲಿ ಅಂತಾರಾಷ್ಟ್ರೀಯ ಸ್ಕೇಟಿಂಗ್ ಸಂಸ್ಥೆ ಹಿರಿಯರ ಸ್ಪರ್ಧೆಗೆ ಕನಿಷ್ಠ ವಯಸ್ಸನ್ನು ಹದಿನೈದರಿಂದ ಹದಿನೇಳಕ್ಕೆ ಹಂತ ಹಂತವಾಗಿ ಏರಿಸಲು ತೀರ್ಮಾನಿಸಿತು. ಎರಡು ವರ್ಷದ ಏರಿಕೆ. ಮಕ್ಕಳನ್ನು ತೂಗುವ ತಕ್ಕಡಿಯ ಬಗ್ಗೆ ಆ ನಿಯಮದಲ್ಲಿ ಏನೂ ಇಲ್ಲ.

ಆ ಅಲೀಸಾ ಲಿಯು ಏನಾದಳು? ಬೀಜಿಂಗ್ ಮುಗಿದು, ವಿಶ್ವ ಚಾಂಪಿಯನ್‌ಶಿಪ್ಪಿನ ಕಂಚೂ ಬಂದ ಮೇಲೆ, 2022ರ ಏಪ್ರಿಲಿನಲ್ಲಿ, ಹದಿನಾರರ ವಯಸ್ಸಿನಲ್ಲಿ ಆಟ ಬಿಟ್ಟಳು. ಗೋಲ್ಡ್‌ಳಂತೆ ಆಸ್ಪತ್ರೆ ಸೇರಿದ್ದಲ್ಲ. ಬಾಲ್ಯವನ್ನೆಲ್ಲ ನುಂಗಿದ ಆಟ ಸಾಕೆನಿಸಿತ್ತು. ಅಷ್ಟಾಗುವ ಮೊದಲೇ ಬಿಡುವುದನ್ನು ಆಕೆ ಕಲಿತಿದ್ದಳು ಎನ್ನಬೇಕು. ಎರಡು ವರ್ಷ ಮಂಜಿನಿಂದ ದೂರ ಇದ್ದು, ಕಾಲೇಜಿಗೆ ಸೇರಿ, 2024ರಲ್ಲಿ ತನ್ನ ಇಷ್ಟದಂತೆ ತಿರುಗಿ ಬಂದಳು. 2025ರ ಮಾರ್ಚಿನಲ್ಲಿ ವಿಶ್ವ ಚಾಂಪಿಯನ್ ಆದಳು. ಅದೂ ಬಾಸ್ಟನ್ನಿನಲ್ಲೇ, ಒಂಬತ್ತು ವರ್ಷ ಮೊದಲು ಗೋಲ್ಡ್ ಬಿದ್ದ ಅದೇ ಸಭಾಂಗಣದಲ್ಲಿ.

ಅಮೆರಿಕದ ರಾಷ್ಟ್ರೀಯ ಪಂದ್ಯಗಳಲ್ಲಿ ಗ್ರೇಸಿ ಗೋಲ್ಡ್ ಪಡೆದ ಸ್ಥಾನಗಳನ್ನು ನಾವು ಕಾಗದದ ಮೇಲೆ ಬರೆದುಕೊಂಡಿದ್ದೇವೆ. 2013ರಿಂದ ಸಾಲಾಗಿ: ಎರಡು, ಒಂದು, ಎರಡು, ಒಂದು, ಆರು. ನಂತರ 2018 ಮತ್ತು 2019ರ ಎದುರು ಎರಡು ಅಡ್ಡಗೆರೆಗಳು. ಆಮೇಲೆ ಹನ್ನೆರಡು, ಹದಿಮೂರು, ಹತ್ತು. ದಾಖಲೆ ಪುಸ್ತಕದ ಮಟ್ಟಿಗೆ ಆ ಎರಡು ಅಡ್ಡಗೆರೆಗಳಲ್ಲಿ ಏನೂ ನಡೆದಿಲ್ಲ. 2023ರಲ್ಲಿ ಸ್ಯಾನ್ ಹೊಸೆಯ ಪಂದ್ಯದಲ್ಲಿ ಎಂಟನೇ ಸ್ಥಾನ. ಆಗ ಆಕೆಗೆ ಇಪ್ಪತ್ತೇಳು ವರ್ಷ. ನೀಸ್‌ನಲ್ಲಿ ಕಂಚು ಗೆದ್ದಾಗ ಅಕಿಕೊ ಸುಜುಕಿಗಿದ್ದ ವಯಸ್ಸು.